ಬಾತು ಬೇಟೆಗೆ ಸ್ಟೀಲ್ ತೋಟೆ: ಚೋಕ್ ಆರಿಸುವುದು ಹೇಗೆ

ಕಾರ್ಕಳ, ಬೆಳ್ತಂಗಡಿ, ಸುಳ್ಯ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸನ್ಸಿನ 12 ಬೋರ್ ತೋಟೆ ಕೋವಿ ಹೊಸದೇನಲ್ಲ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ಬರುವುದೂ ಹೊಸದಲ್ಲ. ಅಂಥ ಮನೆಗಳಿಂದ ಅಮೆರಿಕ, ಕೆನಡಾ, ಇಂಗ್ಲೆಂಡಿಗೆ ಹೋಗಿ ನೆಲೆಸಿ, ಅಲ್ಲಿ ಕ್ರಮಪ್ರಕಾರ ಬಾತು ಬೇಟೆಯ ಲೈಸನ್ಸ್ ಮಾಡಿಸಿದವರು ಮೊದಲು ಎಡವುವುದು ಚೋಕ್ ವಿಷಯದಲ್ಲಿ, ಅಂದರೆ ನಳಿಗೆ ಬಾಯಿಯ ಹತ್ತಿರ ಎಷ್ಟು ಕಿರಿದಿರಬೇಕು ಎಂಬಲ್ಲಿ. ಊರಲ್ಲಿ ಕೇಳಿ ಬೆಳೆದದ್ದೆಲ್ಲ ಸೀಸದ ಚರೆಯ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳ, ಲೆಕ್ಕ. ಆ ದೇಶಗಳಲ್ಲಿ ನೀರುಹಕ್ಕಿಗೆ ಸೀಸ ಬಳಸುವಂತಿಲ್ಲ, ಹೆಚ್ಚಿನವರು ಬಳಸುವುದು ಸ್ಟೀಲ್. ‘ಫುಲ್ ಚೋಕ್ ಇದ್ದರೆ ಈಡು ದೂರ ಹೋಗುತ್ತದೆ’ ಎಂಬ ಮಾತನ್ನು (ಫುಲ್ ಎಂದರೆ ತುಂಬ ಬಿಗಿಯಾದದ್ದು) ಸ್ಟೀಲಿಗೂ ಅನ್ವಯಿಸಿದರೆ ಹಕ್ಕಿ ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ, ಕೆಲವೊಮ್ಮೆ ನಳಿಗೆಯೂ ಹಾಳಾಗುತ್ತದೆ.

ಮುಂದೆ ಬರೆದಿರುವುದೆಲ್ಲ ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳಿಗೆ. ಊರಿಗೆ ಬಂದಾಗ ಇದನ್ನು ಪ್ರಯೋಗ ಮಾಡುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನೇತ್ರಾವತಿ ಅಳಿವೆಗೆ ಬರುವ ಬಾತು, ಗದ್ದೆಯ ಕೊಕ್ಕರೆ, ಗುಡ್ಡದ ಕಾಡುಕೋಳಿ ಯಾವುದನ್ನು ಹೊಡೆದರೂ ಅಪರಾಧ. ಬೆಳೆ ರಕ್ಷಣೆಯ ಲೈಸನ್ಸ್ ಎಂದರೆ ಬೇಟೆಯ ಪರವಾನಗಿ ಅಲ್ಲ.

ಸೀಸ ಹೋಗಿ ಸ್ಟೀಲ್ ಬಂದದ್ದರಿಂದ ಬದಲಾದದ್ದು

ಬಾತುಗಳು ತಿಂದ ಕಾಳನ್ನು ಅರೆಯಲೆಂದು ಕೆಸರಿನಿಂದ ಸಣ್ಣ ಕಲ್ಲುಗಳನ್ನು ಹೆಕ್ಕಿ ನುಂಗುತ್ತವೆ. ಕೆರೆಯ ತಳದಲ್ಲಿ ಬಿದ್ದಿರುವ ಸೀಸದ ಚರೆಯೂ ಕಲ್ಲಿನ ಜೊತೆ ಹೊಟ್ಟೆ ಸೇರಿ, ಅಲ್ಲಿ ಸವೆದು ರಕ್ತಕ್ಕೆ ಇಳಿದು ಹಕ್ಕಿಯನ್ನು ಕೊಲ್ಲುತ್ತದೆ. ಆ ಹಕ್ಕಿಯನ್ನು ತಿಂದ ಹದ್ದೂ ಸಾಯುತ್ತದೆ. ಅಮೆರಿಕದಲ್ಲಿ 1991ರಿಂದ ದೇಶಾದ್ಯಂತ ನೀರುಹಕ್ಕಿ ಬೇಟೆಗೆ ಸೀಸ ನಿಷೇಧ. ಕೆನಡಾ ಮತ್ತು ಇಂಗ್ಲೆಂಡಿನಲ್ಲಿ 1999ರಿಂದ, ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ. ಅಮೆರಿಕದಲ್ಲಿ ಬಾತು ಬೇಟೆಗೆ ಹೋದಾಗ ಸೀಸದ ತೋಟೆ ಜೇಬಿನಲ್ಲಿ ಇದ್ದರೂ ತಪ್ಪೇ, ಹಾರಿಸಲೇಬೇಕೆಂದಿಲ್ಲ. ಹಳೆಯ ಜಾಕೆಟ್ಟಿನ ಜೇಬು, ಚೀಲದ ಮೂಲೆ ಎಲ್ಲ ತಡಕಿ ನೋಡಿಯೇ ಹೊರಡಬೇಕು.

ಸ್ಟೀಲ್ ಎಂದು ಕರೆಯುವುದು ನಿಜದಲ್ಲಿ ಮೆದುಗೊಳಿಸಿದ ಕಬ್ಬಿಣ. ಆದರೂ ಅದು ಸೀಸಕ್ಕಿಂತ ತುಂಬ ಗಟ್ಟಿ, ಮತ್ತು ಹಗುರ. ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗಿದರೆ ಸ್ಟೀಲ್ 7.8 ಗ್ರಾಂ. ಚೋಕಿನ ಲೆಕ್ಕವೆಲ್ಲ ಈ ಎರಡು ಗುಣಗಳ ಮೇಲೆ ನಿಂತಿದೆ.

ಗಟ್ಟಿಯಾದ್ದರಿಂದ ಏನಾಗುತ್ತದೆ? ಮದ್ದು ಸಿಡಿದ ಕ್ಷಣದಲ್ಲಿ ಹಿಂದಿನ ಸೀಸದ ಚರೆಗಳು ಮುಂದಿನವುಗಳಿಗೆ ಒತ್ತಿ ಚಪ್ಪಟೆಯಾಗುತ್ತವೆ. ಆಕಾರ ಕೆಟ್ಟ ಚರೆ ಗಾಳಿಯಲ್ಲಿ ಅತ್ತಿತ್ತ ಸರಿಯುತ್ತದೆ, ಚರೆಗಳು ಹರಡಿಕೊಳ್ಳುವ ವೃತ್ತ, ಅಂದರೆ ಹರಡು, ಅಗಲವಾಗುತ್ತದೆ. ಸ್ಟೀಲ್ ಚರೆ ದುಂಡಗೇ ಉಳಿದು ನೇರ ಹೋಗುತ್ತದೆ. ಅದಕ್ಕೇ ಒಂದೇ ಚೋಕಿನಲ್ಲಿ ಸ್ಟೀಲಿನ ಹರಡು ಸೀಸದ್ದಕ್ಕಿಂತ ಬಿಗಿ. ಸೀಸಕ್ಕೆ ಮಾಡಿಫೈಡ್ ಎಂಬ ಮಧ್ಯಮ ಬಿಗಿಯ ಚೋಕ್ ಹಾಕುತ್ತಿದ್ದಲ್ಲಿ ಸ್ಟೀಲಿಗೆ ಇಂಪ್ರೂವ್ಡ್ ಸಿಲಿಂಡರ್ ಸಾಕು, ಅಂದರೆ ಒಂದು ಮೆಟ್ಟಿಲು ಸಡಿಲ.

ಹಗುರವಾದ್ದರಿಂದ ಆಗುವುದು ಇನ್ನೂ ಮುಖ್ಯ. ಸ್ಟೀಲ್ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ನಲವತ್ತು ಗಜ ದಾಟಿದ ಮೇಲೆ ಹತ್ತು ಚರೆ ತಗಲಿದರೂ ಒಳಗೆ ಇಳಿಯುವ ಬಲ ಅದಕ್ಕಿರುವುದಿಲ್ಲ. ಚೋಕ್ ಚರೆಗಳನ್ನು ಒಟ್ಟಿಗೆ ಇಡಬಲ್ಲದು, ಅವುಗಳಿಗೆ ಬಲ ಕೊಡಲಾರದು. ಚೋಕ್ ಬಿಗಿ ಮಾಡಿ ದೂರ ಹೆಚ್ಚಿಸಿಕೊಳ್ಳುತ್ತೇನೆ ಎಂಬ ಯೋಚನೆ ಸ್ಟೀಲಿನ ಮಟ್ಟಿಗೆ ತಪ್ಪಾಗುವುದು ಇದರಿಂದಲೇ.

ಮೊದಲು ಚರೆಯ ನಂಬರ್, ಆಮೇಲೆ ಚೋಕ್

ಅಂಗಡಿಗೆ ಹೋಗಿ ಮೊದಲು ಚೋಕ್ ಕೊಳ್ಳುವವರೇ ಹೆಚ್ಚು. ಕ್ರಮ ತಿರುಗುಮುರುಗಾಗಬೇಕು. ಯಾವ ಹಕ್ಕಿ, ಎಷ್ಟು ದೂರ ಎಂದು ನಿಶ್ಚಯಿಸಿ, ಅದಕ್ಕೆ ತಕ್ಕ ಚರೆ ಆರಿಸಿ, ಕೊನೆಗೆ ಚೋಕ್.

ಅಮೆರಿಕದ ನಂಬರಿನಿಂದ ಚರೆಯ ಅಳತೆ ತಿಳಿಯುವುದು ಸುಲಭ. 17ರಿಂದ ನಂಬರನ್ನು ಕಳೆದರೆ ಇಂಚಿನ ನೂರನೇ ಒಂದು ಭಾಗದಲ್ಲಿ ವ್ಯಾಸ ಸಿಗುತ್ತದೆ. 4 ನಂಬರ್ ಎಂದರೆ 0.13 ಇಂಚು, 3.3 ಮಿ.ಮೀ. 2 ನಂಬರ್ ಎಂದರೆ 0.15 ಇಂಚು, 3.8 ಮಿ.ಮೀ. ಇದಕ್ಕಿಂತ ದಪ್ಪದವಕ್ಕೆ ಅಕ್ಷರ: ಬಿಬಿ 4.57 ಮಿ.ಮೀ., ಬಿಬಿಬಿ 4.83 ಮಿ.ಮೀ. ಊರಲ್ಲಿ ಎಲ್‌ಜಿ, ಎಸ್‌ಜಿ ಎನ್ನುವ ಬ್ರಿಟಿಷ್ ಪದ್ಧತಿ ರೂಢಿ. ಅದರಲ್ಲಿ ನಂಬರ್ ಬೇರೆ, ಇಂಗ್ಲೆಂಡಿನ 3 ನಂಬರ್ ಎಂದರೆ ಅಮೆರಿಕದ 4 ನಂಬರ್. ದೇಶ ಬದಲಾದಾಗ ನಂಬರ್ ನಂಬದೆ ಪೆಟ್ಟಿಗೆಯ ಮೇಲಿನ ಮಿ.ಮೀ. ಅಳತೆ ಓದಿ.

ಸ್ಟೀಲ್ ಬಳಸುವಾಗ ಸೀಸಕ್ಕಿಂತ ಎರಡು ನಂಬರ್ ದಪ್ಪ ಹಾಕಬೇಕು ಎಂಬ ರೂಢಿಯ ನಿಯಮದ ಹಿಂದೆ ತೂಕದ ಲೆಕ್ಕ ಇದೆ. ಸೀಸದ 4 ನಂಬರ್ ಚರೆ ಒಂದು ಔನ್ಸಿಗೆ ಸುಮಾರು 135 ಬರುತ್ತದೆ, ಒಂದೊಂದೂ 0.21 ಗ್ರಾಂ. ಸ್ಟೀಲಿನ 4 ನಂಬರ್ ಔನ್ಸಿಗೆ ಸುಮಾರು 190, ಒಂದೊಂದು 0.15 ಗ್ರಾಂ ಮಾತ್ರ. ಸ್ಟೀಲಿನ 2 ನಂಬರ್ ಔನ್ಸಿಗೆ 125, ತಲಾ 0.23 ಗ್ರಾಂ. ಸೀಸದ ನಾಲ್ಕರ ಜಾಗ ತುಂಬುವುದು ಸ್ಟೀಲಿನ ಎರಡೇ.

ಟೀಲ್‌ನಂತಹ ಸಣ್ಣ ಬಾತಿಗೆ 6 ಅಥವಾ 4. ಮಲ್ಲಾರ್ಡ್‌ನಂತಹ ದೊಡ್ಡ ಬಾತಿಗೆ 3 ಅಥವಾ 2. ಹತ್ತಿರದಲ್ಲಿ, 25 ಗಜದೊಳಗೆ, 4 ಕೂಡ ನಡೆಯುತ್ತದೆ. ಕೆನಡಾ ಗೂಸ್‌ನಂತಹ ಹೆಬ್ಬಾತಿಗೆ ಬಿಬಿ, ತಪ್ಪಿದರೆ ಬಿಬಿಬಿ. ಎಲ್ಲದಕ್ಕೂ ಒಂದೇ ಪೆಟ್ಟಿಗೆ ಕೊಳ್ಳಬೇಕಾದರೆ 2 ನಂಬರ್ ಕೊಳ್ಳಿ. ಹೆಬ್ಬಾತಿಗೆ ಅದು ಹತ್ತಿರದಲ್ಲಿ ಮಾತ್ರ ಸಾಕಾಗುತ್ತದೆ ಎಂಬುದು ನೆನಪಿರಲಿ.

ಚೋಕ್ ಎಂದರೆ ಎಷ್ಟು ಕಿರಿದು

12 ಬೋರ್ ನಳಿಗೆಯ ಒಳವ್ಯಾಸ 18.5 ಮಿ.ಮೀ., ಇಂಚಿನಲ್ಲಿ 0.729. ಬಾಯಿಯ ಹತ್ತಿರ ಅದು ಎಷ್ಟು ಕಿರಿದಾಗುತ್ತದೆ ಎಂಬುದೇ ಚೋಕ್. ಸಿಲಿಂಡರ್ ಎಂದರೆ ಕಿರಿದೇ ಇಲ್ಲ. ಸ್ಕೀಟ್ 0.13 ಮಿ.ಮೀ., ಇಂಪ್ರೂವ್ಡ್ ಸಿಲಿಂಡರ್ 0.25, ಮಾಡಿಫೈಡ್ 0.5, ಇಂಪ್ರೂವ್ಡ್ ಮಾಡಿಫೈಡ್ 0.75, ಫುಲ್ 0.9ರಿಂದ 1 ಮಿ.ಮೀ. ಇಂಗ್ಲೆಂಡಿನಲ್ಲಿ ಇದನ್ನೇ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎನ್ನುತ್ತಾರೆ. ಕಾಲು ಎಂದರೆ ಇಂಪ್ರೂವ್ಡ್ ಸಿಲಿಂಡರ್, ಅರ್ಧ ಎಂದರೆ ಮಾಡಿಫೈಡ್.

ಲೆಕ್ಕಕ್ಕೆ ಬರುವುದು ಬಾಯಿಯ ಅಳತೆ ಅಲ್ಲ, ನಳಿಗೆಗೂ ಬಾಯಿಗೂ ಇರುವ ವ್ಯತ್ಯಾಸ. ಈಗಿನ ಕೆಲವು ಕೋವಿಗಳ ನಳಿಗೆ 18.7, 18.9 ಮಿ.ಮೀ.ವರೆಗೂ ಅಗಲ ಇರುತ್ತದೆ. ಹಾಗಾಗಿ ಬಾಯಿಗೆ ನಾಣ್ಯ ಹಿಡಿದು ಚೋಕ್ ಹೇಳುವ ಹಳೆಯ ಉಪಾಯ ಮೋಸ ಮಾಡುತ್ತದೆ. ಬೋರ್ ಗೇಜ್ ಎಂಬ ಒಳವ್ಯಾಸ ಅಳೆಯುವ ಸಾಧನ ಇರುವ, ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ನಳಿಗೆಯ ನಡುವೆ ಒಮ್ಮೆ, ಬಾಯಿಯಲ್ಲಿ ಒಮ್ಮೆ ಅಳೆಸಿ ಕಳೆದು ನೋಡಿ.

ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ, ಬದಲಿಸಬಹುದಾದ ತಿರುಪಿನ ಚೋಕುಗಳ ಅಂಚಿನಲ್ಲಿ ಗೆರೆ ಅಥವಾ ನಕ್ಷತ್ರದ ಗುರುತು ಇರುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಒಂದು ಗೆರೆ ಎಂದರೆ ಫುಲ್, ಎರಡು ಇಂಪ್ರೂವ್ಡ್ ಮಾಡಿಫೈಡ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್, ಐದು ಸಿಲಿಂಡರ್. ಗೆರೆ ಹೆಚ್ಚಿದಷ್ಟೂ ಸಡಿಲ. ಹೊಸಬರು ಉಲ್ಟಾ ತಿಳಿಯುತ್ತಾರೆ, ಐದು ಗೆರೆ ನೋಡಿ ಅದೇ ಬಿಗಿ ಎಂದುಕೊಳ್ಳುತ್ತಾರೆ. ಚೋಕಿನ ಮೈಮೇಲೆ ಸ್ಟೀಲಿಗೆ ಆಗುವುದಿಲ್ಲ ಎಂದೋ ಸೀಸಕ್ಕೆ ಮಾತ್ರ ಎಂದೋ ಅಚ್ಚೊತ್ತಿದ್ದರೆ ಅದರಲ್ಲಿ ಚರ್ಚೆ ಬೇಡ, ಬದಿಗಿಡಿ. ಏನೂ ಬರೆದಿಲ್ಲದಿದ್ದರೆ ಕೋವಿಯ ಜೊತೆ ಬಂದ ಪುಸ್ತಿಕೆ ನೋಡಿ.

ತಿರುಪಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕಂಪನಿಯಲ್ಲೂ ಬೇರೆ ಬೇರೆ. ಬೆರೆಟ್ಟಾದ ಮೊಬಿಲ್‌ಚೋಕ್ ಆಪ್ಟಿಮಾ ನಳಿಗೆಗೆ ಕೂರುವುದಿಲ್ಲ. ಬ್ರೌನಿಂಗ್‌ನ ಇನ್ವೆಕ್ಟರ್ ಬೇರೆ, ಇನ್ವೆಕ್ಟರ್ ಪ್ಲಸ್ ಬೇರೆ. ಎರಡು ಸುತ್ತು ತಿರುಗಿತು ಎಂದ ಮಾತ್ರಕ್ಕೆ ಸರಿಹೊಂದಿತು ಎಂದಲ್ಲ. ಒಳಗಿನ ತುದಿ ನಳಿಗೆಯ ಮೆಟ್ಟಿಲಿಗೆ ಪೂರ್ತಿ ಕೂರದೆ ಹೋದರೆ ಚರೆ ತುಂಬಿದ ಪ್ಲಾಸ್ಟಿಕ್ ಕಪ್ ಆ ಅಂಚಿಗೆ ಬಡಿದು ಚೋಕನ್ನೂ ನಳಿಗೆಯ ತುದಿಯನ್ನೂ ಕಿತ್ತುಕೊಂಡು ಹೋಗುತ್ತದೆ.

ದೂರಕ್ಕೆ ತಕ್ಕ ಚೋಕ್

ನಿಮ್ಮ ಜಾಗದಲ್ಲಿ ಹಕ್ಕಿ ನಿಜಕ್ಕೂ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಬೇಕು. ನೀರಿನ ಮೇಲೆ ಬಯಲಲ್ಲಿ ದೂರ ತಿಳಿಯುವುದು ಕಷ್ಟ, ಎಲ್ಲರಿಗೂ ಹತ್ತಿರವೇ ಎನಿಸುತ್ತದೆ. ಹಕ್ಕಿಗಳನ್ನು ಸೆಳೆಯಲು ಬೊಂಬೆ ಬಾತುಗಳನ್ನು ತೇಲಿಬಿಡುವಾಗ ಕೊನೆಯ ಬೊಂಬೆಯನ್ನು ನೀವು ಕೂರುವ ಜಾಗದಿಂದ 35 ಗಜಕ್ಕೆ ಸರಿಯಾಗಿ, ರೇಂಜ್‌ಫೈಂಡರ್‌ನಲ್ಲಿ ಅಳೆದು ನಿಲ್ಲಿಸಿ. ಸಾಮಾನ್ಯವಾಗಿ ಅದರಾಚೆಗಿನ ಹಕ್ಕಿಗೆ ಕೋವಿ ಎತ್ತಬಾರದು, ಏನೇ ಆದರೂ 40 ಗಜ ದಾಟಬಾರದು.

ಬೀಸುಬಲೆ ಎಸೆದವರಿಗೆ ಚೋಕಿನ ಕೆಲಸ ತಟ್ಟನೆ ಅರ್ಥವಾಗುತ್ತದೆ. ಕಾಲ ಬುಡದಲ್ಲೇ ಬಿದ್ದ ಬಲೆ ಬಿಡಿಸಿಕೊಂಡಿರುವುದಿಲ್ಲ, ಅತಿ ದೂರ ಎಸೆದದ್ದು ಅಂಚು ಮಡಚಿ ಬೀಳುತ್ತದೆ. ಪೂರ್ತಿ ಅಗಲಿಸಿಕೊಳ್ಳುವ ದೂರ ಒಂದಿದೆ. ಹರಡು ಸರಿಯಾಗಿ ಅಗಲಿಸಿಕೊಳ್ಳುವ ಆ ದೂರವನ್ನು ಹಕ್ಕಿ ಇರುವ ಜಾಗಕ್ಕೆ ತಂದು ನಿಲ್ಲಿಸುವುದೇ ಚೋಕ್.

ಮರಗಳ ನಡುವಿನ ನೀರಿನಲ್ಲಿ, ಜೊಂಡಿನ ಸಣ್ಣ ಹೊಂಡಗಳಲ್ಲಿ ಹಕ್ಕಿ 15ರಿಂದ 25 ಗಜದಲ್ಲೇ ಇಳಿಯುತ್ತದೆ. ಅಲ್ಲಿ ಸ್ಕೀಟ್ ಅಥವಾ ಇಂಪ್ರೂವ್ಡ್ ಸಿಲಿಂಡರ್. ಆ ದೂರದಲ್ಲಿ ಮಾಡಿಫೈಡ್ ಹಾಕಿದರೆ ಹರಡು ತಟ್ಟೆಯಷ್ಟೇ ಇರುತ್ತದೆ. ಗುರಿ ತುಸು ತಪ್ಪಿದರೆ ಹಕ್ಕಿ ಹೋಯಿತು, ತಪ್ಪದಿದ್ದರೆ ಮಾಂಸ ಹೋಯಿತು.

ಬೊಂಬೆಗಳ ಮೇಲೆ 25ರಿಂದ 35 ಗಜದ ಸಾಮಾನ್ಯ ಬೇಟೆಗೆ ಇಂಪ್ರೂವ್ಡ್ ಸಿಲಿಂಡರ್. ಒಂದೇ ಚೋಕ್ ಇಟ್ಟುಕೊಳ್ಳುವವರಿಗೆ ನಮ್ಮ ಸಲಹೆಯೂ ಇದೇ. ಎಚ್ಚರಿಕೆಯ ಹಕ್ಕಿ, ಗಾಳಿ ಬಿರುಸು, 35ರಿಂದ 40 ಗಜ ಎಂದಾದರೆ ಮಾಡಿಫೈಡ್. ಸ್ಟೀಲಿಗೆ ಅದಕ್ಕಿಂತ ಬಿಗಿ ಬೇಕಾಗುವ ಸಂದರ್ಭ ಬಾತು ಬೇಟೆಯಲ್ಲಿ ಇಲ್ಲವೆಂದೇ ಹೇಳಬಹುದು.

ಹೆಬ್ಬಾತಿಗೆ ಹಾಕುವ ಬಿಬಿ, ಬಿಬಿಬಿ ಚರೆಗಳ ಕಥೆ ಬೇರೆ. ದಪ್ಪ ಗಟ್ಟಿ ಚರೆಗಳು ಕಿರಿದಾದ ದಾರಿಯಲ್ಲಿ ಒಂದಕ್ಕೊಂದು ಹೊಂದಿಕೊಳ್ಳಲು ಜಾಗವಿಲ್ಲದೆ ತಿಕ್ಕಾಡುತ್ತವೆ. ಫುಲ್ ಚೋಕಿನಲ್ಲಿ ಹರಡು ಬಿಗಿಯಾಗುವ ಬದಲು ಒಡೆದು ಹೋಗುತ್ತದೆ, ಪರೀಕ್ಷೆಗೆ ಹೊಡೆದ ಕಾಗದದ ನಡುವೆ ಖಾಲಿ ಬಿದ್ದು ಅಂಚಿನಲ್ಲೆಲ್ಲ ತೂತು ಕಾಣುತ್ತದೆ. ಮಾಡಿಫೈಡ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಹಾಕಿದಾಗ ಅದೇ ತೋಟೆ ಒಟ್ಟಾಗಿ ಹೋಗುತ್ತದೆ. ಕೋವಿ, ತೋಟೆಗಳ ಪರೀಕ್ಷೆಗೆ ನಿಯಮ ಮಾಡುವ ಯುರೋಪಿನ ಸಿಐಪಿ ಸಂಸ್ಥೆಯೂ 4 ಮಿ.ಮೀ.ಗಿಂತ ದಪ್ಪದ ಹೈ ಪರ್ಫಾರ್ಮೆನ್ಸ್ (ಹೆಚ್ಚು ಒತ್ತಡದ) ಸ್ಟೀಲ್ ಚರೆಯನ್ನು 0.5 ಮಿ.ಮೀ.ಗಿಂತ ಹೆಚ್ಚು ಕಿರಿದಾಗುವ, ಅಂದರೆ ಮಾಡಿಫೈಡಿಗಿಂತ ಬಿಗಿಯಾದ, ಚೋಕಿನಲ್ಲಿ ಹಾರಿಸಬಾರದು ಎನ್ನುತ್ತದೆ.

ಮೇಲೆ ಕೆಳಗೆ ನಳಿಗೆ ಇರುವ ಕೋವಿಯಾದರೆ ಮೊದಲು ಹಾರುವ ನಳಿಗೆಗೆ ಇಂಪ್ರೂವ್ಡ್ ಸಿಲಿಂಡರ್, ಎರಡನೆಯದಕ್ಕೆ ಮಾಡಿಫೈಡ್. ಬೊಂಬೆಗಳ ಮೇಲೆ ಇಳಿಯುವ ಹಕ್ಕಿ ಮೊದಲ ಈಡಿಗೆ ಹತ್ತಿರ, ಬೆದರಿ ಎದ್ದಾಗ ದೂರ. ತಲೆಯ ಮೇಲೆ ದಾಟಿ ಹೋಗುವ ಹಕ್ಕಿಗೆ ಇದು ತಿರುಗುಮುರುಗು. ಒಂದೇ ನಳಿಗೆಯ ಸೆಮಿ ಆಟೊ ಅಥವಾ ಪಂಪ್ ಕೋವಿಯಲ್ಲಿ ಮೊದಲ ಈಡಿನ ದೂರಕ್ಕೆ ಚೋಕ್ ಆರಿಸಿ, ಎರಡು ಮೂರನೆಯದಕ್ಕಲ್ಲ.

ಹಳೆಯ ಕೋವಿಗೆ ಸ್ಟೀಲ್ ಹಾಕಬೇಡಿ

ಊರಿನ ಜೋಡುನಳಿಗೆ ಕೋವಿಗಳಲ್ಲಿ ಚೋಕ್ ನಳಿಗೆಯಲ್ಲೇ ಕೊರೆದದ್ದು. ಸಾಮಾನ್ಯವಾಗಿ ಬಲದ್ದು ಅರ್ಧ, ಎಡದ್ದು ಫುಲ್. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಹಳೆಯ ಕೋವಿಗಳೂ ಹಾಗೆಯೇ. ಇವುಗಳ ಕಬ್ಬಿಣ ಮೆದು, ಗೋಡೆ ತೆಳು. ಸೀಸದ ಚರೆ ಚೋಕಿನಲ್ಲಿ ಅದುಮಿಕೊಂಡು ದಾಟುತ್ತಿತ್ತು. ಸ್ಟೀಲ್ ಅದುಮುವುದಿಲ್ಲ, ಗೋಡೆಯನ್ನೇ ಹೊರಗೆ ತಳ್ಳುತ್ತದೆ. ಬಾಯಿಯಿಂದ ಕೆಲವು ಸೆಂಟಿಮೀಟರ್ ಹಿಂದೆ ನಳಿಗೆಯ ಸುತ್ತ ಉಂಗುರದಂತೆ ಉಬ್ಬು ಏಳುತ್ತದೆ. ಬರಿಗಣ್ಣಿಗೆ ತಿಳಿಯದಿದ್ದರೆ ನಳಿಗೆಯನ್ನು ಬೆಳಕಿಗೆ ಅಡ್ಡ ಹಿಡಿದು ನಿಧಾನ ತಿರುಗಿಸಿ, ಹೊಳಪಿನ ಗೆರೆ ಬಾಗುವ ಜಾಗದಲ್ಲಿ ಉಬ್ಬು ಇದೆ. ಜೋಡುನಳಿಗೆಯಾದರೆ ನಡುವಿನ ಪಟ್ಟಿಯ ಬೆಸುಗೆಯೂ ಬಿಡಬಹುದು.

ಇನ್ನೊಂದು ಅಪಾಯ ತೋಟೆಯ ಉದ್ದದ್ದು. ಹಳೆಯ ಕೋವಿಯ ಚೇಂಬರ್, ಅಂದರೆ ತೋಟೆ ಕೂರುವ ಜಾಗ, 65 ಅಥವಾ 70 ಮಿ.ಮೀ. ಈಗ ಅಂಗಡಿಯಲ್ಲಿ ಸಿಗುವ ಸ್ಟೀಲ್ ತೋಟೆಗಳಲ್ಲಿ ಹೆಚ್ಚಿನವು 3 ಇಂಚು, ಅಂದರೆ 76 ಮಿ.ಮೀ. ಈ ಉದ್ದ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದು. ಹಾರಿಸುವ ಮುಂಚೆ ಬಾಯಿ ಮಡಚಿರುವುದರಿಂದ 3 ಇಂಚಿನ ತೋಟೆ 70 ಮಿ.ಮೀ. ಚೇಂಬರಿಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂತಿತು ಎಂದು ಹಾರಿಸಬೇಡಿ. ನಳಿಗೆಯ ಮೇಲೆ ಅಚ್ಚೊತ್ತಿದ ಅಳತೆ ಓದಿ.

ಯುರೋಪಿನ ಕೋವಿಗಳಲ್ಲಿ ಲಿಲ್ಲಿ ಹೂವಿನಂಥ ಗುರುತು ಇದ್ದರೆ ಅದು ಹೈ ಪರ್ಫಾರ್ಮೆನ್ಸ್ ಸ್ಟೀಲಿಗೆ ಪರೀಕ್ಷೆಯಾದದ್ದು. ಇಲ್ಲದಿದ್ದರೆ ಹಗುರದ ಸ್ಟ್ಯಾಂಡರ್ಡ್ ಸ್ಟೀಲ್ ತೋಟೆ, ಅದೂ ಅರ್ಧ ಚೋಕ್ ಅಥವಾ ಅದಕ್ಕಿಂತ ಸಡಿಲದಲ್ಲಿ, ಗನ್‌ಸ್ಮಿತ್ ನೋಡಿ ಒಪ್ಪಿದ ಮೇಲೆ. ಹಿರಿಯರ ಕೋವಿಯನ್ನೇ ಬಳಸಬೇಕೆಂಬ ಆಸೆ ಇರುವವರಿಗೆ ಬಿಸ್ಮತ್ ತೋಟೆ ಇದೆ. ಬೆಲೆ ಹೆಚ್ಚು, ಆದರೆ ಮೆದು, ಚೋಕಿನಲ್ಲಿ ಸೀಸದಂತೆಯೇ ವರ್ತಿಸುತ್ತದೆ. ಅದರಲ್ಲೂ ಚೇಂಬರಿನ ಉದ್ದ ಹೊಂದಲೇಬೇಕು.

ಕಾಗದದ ಮೇಲೆ ಪರೀಕ್ಷೆ

ಮೇಲೆ ಹೇಳಿದ್ದೆಲ್ಲ ಆರಂಭಕ್ಕೆ ಮಾತ್ರ. ಮಾಡಿಫೈಡ್ ಎಂದು ಬರೆದ ಎರಡು ಚೋಕುಗಳು ಒಂದೇ ತೋಟೆಯನ್ನು ಬೇರೆ ಬೇರೆಯಾಗಿ ಹರಡುತ್ತವೆ. ಒಂದೇ ಚೋಕ್ ಎರಡು ಕಂಪನಿಯ ತೋಟೆಗೆ ಎರಡು ಥರ ನಡೆದುಕೊಳ್ಳುತ್ತದೆ. ನಿಮ್ಮ ಕೋವಿ, ನಿಮ್ಮ ಚೋಕ್, ನಿಮ್ಮ ತೋಟೆ ಮೂರನ್ನೂ ಕೂಡಿಸಿ ನೋಡಲೇಬೇಕು. ಬೇಟೆಯ ಹಂಗಾಮಿಗೆ ಒಂದು ತಿಂಗಳ ಮುಂಚೆ ಅರ್ಧ ದಿನ ಇದಕ್ಕೆ ಇಡಿ.

ಬೇಕಾದ್ದು: 4 ಅಡಿ ಅಗಲದ ಕಂದು ಕಾಗದದ ಸುರುಳಿ, ಮರದ ಚೌಕಟ್ಟು, ಟೇಪು, ಮಾರ್ಕರ್, 38 ಸೆಂ.ಮೀ. ದಾರ ಕಟ್ಟಿದ ಪೆನ್ಸಿಲ್. ಹಿಂದೆ ಮಣ್ಣಿನ ದಿಬ್ಬ ಇರುವ, ಅನುಮತಿಯ ರೇಂಜ್. ಸೀಸದ ಕಾಲದಲ್ಲಿ ಕಬ್ಬಿಣದ ಹಲಗೆಗೆ ಸುಣ್ಣ ಬಳಿದು ಹೊಡೆಯುವ ಪದ್ಧತಿ ಇತ್ತು. ಸ್ಟೀಲ್ ಚರೆಯನ್ನು ಅಂಥ ಹಲಗೆಗೆ ಎಂದೂ ಹೊಡೆಯಬಾರದು, ಅದು ನೇರ ವಾಪಸ್ ಸಿಡಿಯುತ್ತದೆ. ಕಲ್ಲಿನಿಂದಲೂ ಹಾಗೆಯೇ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಒಂದು ತೋಟೆಯನ್ನೂ ಹಾರಿಸಬೇಡಿ.

ದೂರವನ್ನು ಟೇಪಿನಲ್ಲಿ ಅಳೆಯಿರಿ. ಚೋಕ್‌ಗಳನ್ನು ಹೋಲಿಸುವ ರೂಢಿಯ ದೂರ 40 ಗಜ, ಅಂದರೆ 36.6 ಮೀಟರ್. ಆದರೆ ನೀವು ಹೊಡೆಯುವುದು 30 ಗಜದಲ್ಲಾದರೆ ಅಲ್ಲೂ ನೋಡಲೇಬೇಕು. ಕಾಗದದ ನಡುವೆ ಕೈಯಗಲದ ಕಪ್ಪು ಗುರುತು ಹಾಕಿ, ಅದಕ್ಕೆ ನಿಧಾನ ಗುರಿಯಿಟ್ಟು ಒಂದೇ ಈಡು. ಪ್ರತಿ ಈಡಿಗೂ ಹೊಸ ಕಾಗದ. ಮೂಲೆಯಲ್ಲಿ ಚೋಕ್, ತೋಟೆ, ದೂರ ಅಲ್ಲೇ ಬರೆಯಿರಿ, ಮನೆಗೆ ಬಂದ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ. ಒಂದು ಜೋಡಣೆಗೆ ಕನಿಷ್ಠ ಮೂರು, ಸಾಧ್ಯವಾದರೆ ಐದು ಕಾಗದ ಬೇಕು. ಒಂದೇ ಕಾಗದ ನೋಡಿ ತೀರ್ಮಾನಿಸಿದರೆ ತಪ್ಪುತ್ತದೆ.

ಈಗ ವೃತ್ತ. ಮೊದಲೇ ವೃತ್ತ ಬರೆದು ಅದಕ್ಕೆ ಹೊಡೆಯುವುದಲ್ಲ. ಹೊಡೆದಾದ ಮೇಲೆ ತೂತುಗಳು ದಟ್ಟವಾಗಿರುವ ಜಾಗದ ನಡುವನ್ನು ಕಣ್ಣಂದಾಜಿನಲ್ಲಿ ಹಿಡಿದು, ಅಲ್ಲಿ ದಾರ ಒತ್ತಿ 76 ಸೆಂ.ಮೀ. ಅಂದರೆ 30 ಇಂಚು ವ್ಯಾಸದ ವೃತ್ತ ಎಳೆಯಿರಿ. ಒಳಗಿನ ತೂತುಗಳನ್ನು ಮಾರ್ಕರಿನಲ್ಲಿ ಗುರುತಿಸುತ್ತ ಹತ್ತು ಹತ್ತಾಗಿ ಎಣಿಸಿ. ಕಪ್ಪು ಗುರುತಿಗೂ ವೃತ್ತದ ನಡುವಿಗೂ ಒಂದು ಗೇಣಿಗಿಂತ ಹೆಚ್ಚು ಅಂತರ ಎಲ್ಲ ಕಾಗದದಲ್ಲೂ ಒಂದೇ ಕಡೆಗೆ ಬಂದರೆ, ತಪ್ಪು ಹರಡಿನದಲ್ಲ. ಕೋವಿ ನಿಮ್ಮ ಹೆಗಲಿಗೆ ಹೊಂದಿಲ್ಲ, ಅಥವಾ ಚೋಕ್ ಓರೆ ಕೂತಿದೆ. ಚೋಕ್ ಬದಲಿಸಿ ನೋಡಿ, ಆಗಲೂ ಅದೇ ಕಡೆ ಹೋದರೆ ಹೆಗಲಿನ ಸಮಸ್ಯೆ.

ಎಷ್ಟು ತೂತು ಬೇಕು? ಮಲ್ಲಾರ್ಡ್ ಗಾತ್ರದ ಬಾತಿಗೆ ವೃತ್ತದೊಳಗೆ 85ರಿಂದ 90. ದೊಡ್ಡ ಹೆಬ್ಬಾತಿಗೆ ದಪ್ಪ ಚರೆಯಲ್ಲಿ 50ರಿಂದ 55. ಒಂದು ಲೆಕ್ಕ ಮಾಡಿ ನೋಡೋಣ. 1¼ ಔನ್ಸಿನ 2 ನಂಬರ್ ತೋಟೆಯಲ್ಲಿ ಸುಮಾರು 156 ಚರೆ. 40 ಗಜದಲ್ಲಿ 88 ಬೇಕೆಂದರೆ ನೂರಕ್ಕೆ 56 ಒಳಗೆ ಬೀಳಬೇಕು. ಸೀಸದಲ್ಲಿ ನೂರಕ್ಕೆ 50 ಇಂಪ್ರೂವ್ಡ್ ಸಿಲಿಂಡರಿನ ಲೆಕ್ಕ, 60 ಮಾಡಿಫೈಡಿನದು, 70 ಫುಲ್ಲಿನದು. ಸ್ಟೀಲ್ ಒಂದು ಮೆಟ್ಟಿಲು ಬಿಗಿಯಾಗಿ ಹೋಗುವುದರಿಂದ 56ನ್ನು ಒಳ್ಳೆಯ ಇಂಪ್ರೂವ್ಡ್ ಸಿಲಿಂಡರೇ ಮುಟ್ಟಬಹುದು. ಮುಟ್ಟದಿದ್ದರೆ ಮಾಡಿಫೈಡ್. ಅದೇ 1⅛ ಔನ್ಸಿನ ತೋಟೆಯಾದರೆ ಚರೆ 140, ಬೇಕಾದ್ದು ನೂರಕ್ಕೆ 63, ಮಾಡಿಫೈಡ್ ಬೇಕೇ ಬೇಕು.

4 ನಂಬರಿನ 1⅛ ಔನ್ಸ್ ತೋಟೆಯಲ್ಲಿ 215ರಷ್ಟು ಚರೆ. ನೂರಕ್ಕೆ 41 ಬಿದ್ದರೂ 88 ತುಂಬುತ್ತದೆ, ಸಡಿಲ ಚೋಕಿನಲ್ಲೂ ಕಾಗದ ಚೆನ್ನಾಗಿ ಕಾಣುತ್ತದೆ. ಇಲ್ಲಿ ಮೋಸಹೋಗಬೇಡಿ. ಕಾಗದ ತೋರಿಸುವುದು ಎಣಿಕೆಯನ್ನು, ಬಲವನ್ನಲ್ಲ. 0.15 ಗ್ರಾಂ ಚರೆಗೆ 40 ಗಜದಲ್ಲಿ ದೊಡ್ಡ ಬಾತಿನ ಗರಿ ದಾಟಿ ಒಳಗಿಳಿಯುವ ಶಕ್ತಿ ಉಳಿದಿರುವುದಿಲ್ಲ.

ಎಣಿಕೆ ಸಾಕಷ್ಟಿದ್ದರೂ ಹಂಚಿಕೆ ನೋಡಿ. ಬಾತಿನ ಗಾತ್ರದ ರಟ್ಟನ್ನು ಕತ್ತರಿಸಿ ವೃತ್ತದೊಳಗೆ ಅಲ್ಲಲ್ಲಿ ಇಟ್ಟಾಗ ಎಲ್ಲೂ ನಾಲ್ಕೈದು ತೂತಿಗಿಂತ ಕಡಿಮೆ ಬರಬಾರದು. ನಡುವೆಯೇ ಖಾಲಿ ಇದ್ದರೆ ಚೋಕ್ ಅತಿ ಬಿಗಿ, ಇಲ್ಲವೇ ತೋಟೆಯ ವೇಗ ಅತಿ ಹೆಚ್ಚು. ಒಂದು ಮೆಟ್ಟಿಲು ಸಡಿಲ ಮಾಡಿ, ಸಾಲದಿದ್ದರೆ ಪೆಟ್ಟಿಗೆಯಲ್ಲಿ 1550ರ ಬದಲು 1400ರಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಅಡಿ ವೇಗ) ಇರುವ ತೋಟೆ ತೆಗೆದುಕೊಳ್ಳಿ. ವೇಗದ ಹಿಂದೆ ಓಡುವವರು ಹರಡನ್ನು ಕೆಡಿಸಿಕೊಳ್ಳುವುದೇ ಹೆಚ್ಚು.

ಚೋಕ್ ನೋಡಿಕೊಳ್ಳುವುದು

ಚೋಕ್ ಇಲ್ಲದೆ ಒಂದು ತೋಟೆಯನ್ನೂ ಹಾರಿಸಬೇಡಿ, ನಳಿಗೆಯ ತಿರುಪು ಹಾಳಾಗುತ್ತದೆ. ಹಾಕುವ ಮುಂಚೆ ತಿರುಪಿನ ಕೊಳೆ ಒರೆಸಿ, ತಿರುಪು ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಗ್ರೀಸನ್ನು ತೆಳುವಾಗಿ ಸವರಿ, ಕೈಯಲ್ಲಿ ಪೂರ್ತಿ ಕೂರಿಸಿ, ಕೊನೆಗೆ ಕೀಲಿಯಲ್ಲಿ ಹಿತವಾಗಿ ಬಿಗಿಯಿರಿ. ಜೋರು ಬೇಡ. ಒಂದು ಪೆಟ್ಟಿಗೆ ಹಾರಿಸುವಷ್ಟರಲ್ಲಿ ಅದು ಸಡಿಲವಾಗಬಹುದು. ನಡುನಡುವೆ ತೋಟೆ ಎಲ್ಲ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿದ ಮೇಲೆಯೇ ಬಾಯಿಯ ಕಡೆ ಕೈ ಹಾಕಿ. ನಳಿಗೆಗೆ ಕೆಸರೋ ಹಿಮವೋ ಹೊಕ್ಕಿತೆಂಬ ಅನುಮಾನ ಬಂದರೂ ಇದೇ ಕ್ರಮ.

ಸ್ಟೀಲ್ ಚರೆ ನಳಿಗೆಗೆ ತಾಗದಂತೆ ದಪ್ಪ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೂತಿರುತ್ತದೆ. ಆ ಪ್ಲಾಸ್ಟಿಕ್ ಚೋಕಿನ ಒಳಗೋಡೆಗೆ ಗೆರೆಗೆರೆಯಾಗಿ ಮೆತ್ತಿಕೊಂಡು ಹರಡನ್ನು ಕೆಡಿಸುತ್ತದೆ. ದಿನದ ಕೊನೆಗೆ ಚೋಕ್ ಬಿಚ್ಚಿ, ಸಾಲ್ವೆಂಟಿನಲ್ಲಿ ನೆನೆಸಿ, ಕಂಚಿನ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಎಣ್ಣೆ ಕೈ ಆಡಿಸಿ. ಉಪ್ಪುನೀರಿನ ಜೌಗಿನಲ್ಲಿ ಬೇಟೆಯಾಡಿದರೆ ಅದೇ ರಾತ್ರಿ ಮಾಡಬೇಕು, ಕರಾವಳಿಯವರಿಗೆ ಉಪ್ಪುಗಾಳಿ ಕಬ್ಬಿಣವನ್ನು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಬಿಚ್ಚಲು ಬಾರದೆ ಹೋದ ಚೋಕ್ ಉಬ್ಬಿರಲೂಬಹುದು. ಬಲ ಹಾಕದೆ ಗನ್‌ಸ್ಮಿತ್‌ಗೆ ಕೊಡಿ.

ನೆನೆದ ಸ್ಟೀಲ್ ತೋಟೆಗಳನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಒಳಗೆ ನೀರು ಸೇರಿ ಚರೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗುತ್ತವೆ. ಆ ಗಡ್ಡೆ ಚೋಕಿನಲ್ಲಿ ದಾಟುವಾಗ ನಳಿಗೆ ಸೀಳಬಹುದು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಸದ್ದೇ ಇಲ್ಲದಿದ್ದರೆ, ಹಿತ್ತಾಳೆಯ ತಳದಲ್ಲಿ ಹಸಿರು ಕಂಡರೆ ಬಿಟ್ಟುಬಿಡಿ.

ಕಾನೂನಿನ ಕಡೆ ಕೆಲವು ಮಾತು. ಅಮೆರಿಕದಲ್ಲಿ ಎಚ್-1ಬಿ, ಎಫ್-1 ಮುಂತಾದ ವೀಸಾದಲ್ಲಿರುವವರು ಫೆಡರಲ್ ಕಾನೂನಿನ ಪ್ರಕಾರ ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ರಾಜ್ಯವೊಂದು ಕೊಟ್ಟ ಚಾಲ್ತಿಯ ಬೇಟೆ ಲೈಸನ್ಸ್ ಇರುವುದು ಇದಕ್ಕಿರುವ ಮುಖ್ಯ ವಿನಾಯಿತಿ. ಹಾಗಾಗಿ ಕೋವಿ ಮುಟ್ಟುವ ಮುಂಚೆ ಲೈಸನ್ಸ್, ಗೆಳೆಯರ ಕೋವಿಯಾದರೂ ಸರಿ. 16 ವರ್ಷ ತುಂಬಿದವರಿಗೆ ಫೆಡರಲ್ ಡಕ್ ಸ್ಟ್ಯಾಂಪ್ (ನೀರುಹಕ್ಕಿ ಬೇಟೆಗೆ ಕೊಳ್ಳಬೇಕಾದ ಸರ್ಕಾರಿ ಸ್ಟ್ಯಾಂಪ್) ಬೇಕು. ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಮ್ಯಾಗಜಿನ್ನಿಗೆ ಪ್ಲಗ್ ಹಾಕಿರಬೇಕು. ಕೆನಡಾದಲ್ಲಿ ಕೋವಿಗೆ ಪಿಎಎಲ್ ಎಂಬ ಲೈಸನ್ಸ್, ಇಂಗ್ಲೆಂಡಿನಲ್ಲಿ ಶಾಟ್‌ಗನ್ ಸರ್ಟಿಫಿಕೇಟ್.

ಅಡುಗೆಮನೆಗೂ ಒಂದು ಸೂಚನೆ. ಸುಕ್ಕಾಕ್ಕೋ ಗಸಿಗೋ ಮಾಂಸ ಕೊಯ್ಯುವಾಗ ಗರಿಯ ಎಳೆ ಒಳಗೆ ಹೊಕ್ಕಿರುವ ತೂತುಗಳನ್ನು ಹುಡುಕಿ, ಚರೆ ಅದರ ತುದಿಯಲ್ಲಿರುತ್ತದೆ. ಸ್ಟೀಲ್ ಅಯಸ್ಕಾಂತಕ್ಕೆ ಅಂಟುತ್ತದೆ. ಶಕ್ತಿಯುತವಾದ ಸಣ್ಣ ಅಯಸ್ಕಾಂತವನ್ನು ತುಂಡುಗಳ ಮೇಲೆ ಒತ್ತಿ ಆಡಿಸಿದರೆ ಮೇಲ್ಪದರದಲ್ಲಿರುವುದು ತಿಳಿಯುತ್ತದೆ. ಆಳದಲ್ಲಿ ಉಳಿದದ್ದನ್ನು ಬೆರಳಲ್ಲೇ ಹಿಸುಕಿ ನೋಡಬೇಕು. ಸೀಸವಾದರೆ ಹಲ್ಲಿಗೆ ಚಪ್ಪಟೆಯಾಗುತ್ತಿತ್ತು, ಸ್ಟೀಲಿಗೆ ಹಲ್ಲೇ ಮುರಿಯುತ್ತದೆ. ಊಟಕ್ಕೆ ಕೂತವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ವಯಸ್ಸಾದವರಿಗೆ, ಮೊದಲೇ ಹೇಳಿ ಬಡಿಸಿ.